ಔಟ್‌ಬೋರ್ಡ್ ಎಂಜಿನ್ ಸ್ಟಾರ್ಟ್ ಆಗದಿದ್ದಾಗ: ನಾಡದೋಣಿಯವರಿಗೊಂದು ಸಮಗ್ರ ಮಾರ್ಗದರ್ಶಿ

ಕಾರವಾರದಿಂದ ಉಳ್ಳಾಲದವರೆಗಿನ ನಮ್ಮ ಕರಾವಳಿಯ ನಾಡದೋಣಿಗಳಲ್ಲಿ ಕಾಣಸಿಗುವ, ದೋಣಿಯ ಹೊರಬದಿಗೆ ಕಟ್ಟುವ ಔಟ್‌ಬೋರ್ಡ್ ಎಂಜಿನ್‌ಗಳ ಪೈಕಿ ಬಹಳಷ್ಟು ಒಂದೋ ಎರಡೋ ಸಿಲಿಂಡರಿನ, ಹಗ್ಗ ಎಳೆದು ಸ್ಟಾರ್ಟ್ ಮಾಡುವ ಟೂ-ಸ್ಟ್ರೋಕ್ ಎಂಜಿನ್‌ಗಳು. ಅವುಗಳಲ್ಲಿ ಅನೇಕವು ಪೆಟ್ರೋಲಿನಲ್ಲಿ ಸ್ಟಾರ್ಟ್ ಆಗಿ, ಕಾದ ಮೇಲೆ ಸೀಮೆಎಣ್ಣೆಯಲ್ಲಿ ಓಡುವಂಥವು. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರೀಕೃತ ದೋಣಿಗಳು ದಡದಲ್ಲಿ ನಿಂತಿರುವಾಗ, 10 ಎಚ್‌ಪಿವರೆಗಿನ ಎಂಜಿನ್ ಕಟ್ಟಿದ ನಾಡದೋಣಿಗಳಿಗೆ ಕಡಲಿಗಿಳಿಯಲು ಅವಕಾಶವಿದೆ. ಅಂದರೆ ಸಮುದ್ರ ಅತ್ಯಂತ ಒರಟಾಗಿರುವ ಕಾಲದಲ್ಲಿಯೇ ಈ ಚಿಕ್ಕ ಎಂಜಿನ್‌ಗಳು ಮೊದಲ ಎಳೆತಕ್ಕೆ ಸ್ಟಾರ್ಟ್ ಆಗಬೇಕಾಗುತ್ತದೆ. ಈ ಬರಹವನ್ನು ಅಂಥ ಎಂಜಿನ್‌ಗಳನ್ನು ಮುಂದಿಟ್ಟುಕೊಂಡೇ ಬರೆಯಲಾಗಿದೆ. ಪೆಟ್ರೋಲಿನಲ್ಲಿ ಮಾತ್ರ ಓಡುವ ಎಂಜಿನ್‌ಗಳಿಗೂ ಇದರ ಬಹುಪಾಲು ಹಾಗೆಯೇ ಅನ್ವಯಿಸುತ್ತದೆ.

ಎಂಜಿನ್ ಸ್ಟಾರ್ಟ್ ಆಗಲು ಬೇಕಾದದ್ದು ಮೂರು: ಸಿಲಿಂಡರಿನೊಳಗೆ ಸರಿಯಾದ ಪ್ರಮಾಣದಲ್ಲಿ ಇಂಧನ, ಸರಿಯಾದ ಹೊತ್ತಿಗೆ ಬಲವಾದ ಕಿಡಿ, ಮತ್ತು ಸಾಕಷ್ಟು ಕಂಪ್ರೆಶನ್ (ಸಿಲಿಂಡರಿನೊಳಗಿನ ಮಿಶ್ರಣವನ್ನು ಪಿಸ್ಟನ್ ಒತ್ತಿ ಉಂಟುಮಾಡುವ ಒತ್ತಡ). ಇವುಗಳಲ್ಲಿ ಯಾವುದು ತಪ್ಪಿದೆ ಎಂದು ತಿಳಿಯುವ ಮೊದಲೇ, ಇಂಧನವನ್ನು ಗಾಳಿಯೊಂದಿಗೆ ಬೆರೆಸುವ ಕಾರ್ಬುರೇಟರ್ ಬಿಚ್ಚುವುದು ನಮ್ಮಲ್ಲಿ ರೂಢಿಯಾಗಿಬಿಟ್ಟಿದೆ. ನನ್ನ ಮಟ್ಟಿಗೆ ಕಾರ್ಬುರೇಟರ್ ಕೊನೆಕೊನೆಗೆ ಮುಟ್ಟಬೇಕಾದ ಭಾಗ. ಅದಕ್ಕಿಂತ ಮೊದಲು ಕಿಡಿ ಹಾರಿಸುವ ಪ್ಲಗ್ ಬಿಚ್ಚಿ ನೋಡಿದರೆ ದೋಷ ಯಾವ ಕಡೆಗಿದೆ ಎಂಬುದು ಹೆಚ್ಚಿನ ಸಂದರ್ಭಗಳಲ್ಲಿ ಅಲ್ಲಿಯೇ ತಿಳಿಯುತ್ತದೆ.

ಕಡಲಿನಲ್ಲಿದ್ದರೆ ಮೊದಲು ಲಂಗರು

ಎಂಜಿನ್ ನಿಂತ ದೋಣಿ ಗಾಳಿ ಮತ್ತು ನೀರಿನ ಸೆಳೆತಕ್ಕೆ ಸಿಕ್ಕಿ ಅಡ್ಡ ತಿರುಗುತ್ತದೆ, ಅಡ್ಡ ತಿರುಗಿದ ದೋಣಿಗೆ ಅಲೆ ಬಡಿದರೆ ಮಗುಚುತ್ತದೆ. ಆದ್ದರಿಂದ ಎಂಜಿನ್ನಿನ ಮುಚ್ಚಳ ತೆಗೆಯುವ ಮೊದಲು ಮುಂಬದಿಯಿಂದ ಲಂಗರು ಇಳಿಸಿ ದೋಣಿಯ ಮೂತಿಯನ್ನು ಅಲೆಗೆ ಎದುರಾಗಿ ನಿಲ್ಲಿಸಬೇಕು, ಎಲ್ಲರೂ ಲೈಫ್ ಜಾಕೆಟ್ ಧರಿಸಬೇಕು. ಗಂಗೊಳ್ಳಿ, ಹೊನ್ನಾವರ, ತದಡಿಯಂಥ ಅಳಿವೆಗಳ ಬಾಯಲ್ಲಿ ಎಂಜಿನ್ ಕೈಕೊಟ್ಟರೆ ರಿಪೇರಿಯ ಯೋಚನೆಯನ್ನೇ ಬದಿಗಿಟ್ಟು, ಹುಟ್ಟು ಹಾಕಿ ಅಲೆ ಒಡೆಯುವ ಜಾಗದಿಂದ ಹೊರಬರುವುದಷ್ಟೇ ಆಗ ಮಾಡಬೇಕಾದ ಕೆಲಸ. ದೋಣಿ ಹತೋಟಿ ತಪ್ಪುತ್ತಿದ್ದರೆ ಕರಾವಳಿ ಕಾವಲು ಪಡೆಯ 1554 ಅಥವಾ ಕರಾವಳಿ ಭದ್ರತಾ ಪೊಲೀಸರ 1093ಕ್ಕೆ ಕರೆ ಮಾಡಬೇಕು. ವಿಎಚ್‌ಎಫ್ ರೇಡಿಯೊ ಸೆಟ್ ಇದ್ದವರು ಚಾನೆಲ್ 16ರಲ್ಲಿ ತಿಳಿಸಬೇಕು. ಮೊಬೈಲ್ ಸಿಗ್ನಲ್ ಇರುವಾಗಲೇ ಕರೆ ಮಾಡಬೇಕೇ ಹೊರತು, ತೇಲಿ ದೂರ ಹೋದ ಮೇಲಲ್ಲ.

ಏನನ್ನೂ ಬಿಚ್ಚದೆ ನೋಡಬೇಕಾದವು

ಕೆಂಪು ಹಗ್ಗದ ತುದಿಯಲ್ಲಿರುವ ಸ್ಟಾಪ್ ಸ್ವಿಚ್ಚಿನ ಕ್ಲಿಪ್ ತನ್ನ ಜಾಗದಲ್ಲಿ ಕೂತಿದೆಯೇ ಎಂದು ಮೊದಲು ನೋಡಿ. ಬಲೆ ಎಳೆಯುವಾಗ ಕೈ ತಾಗಿ ಅದು ಕಳಚಿದ್ದರೆ ಎಷ್ಟು ಎಳೆದರೂ ಕಿಡಿ ಬರುವುದಿಲ್ಲ. ಗೇರು ನ್ಯೂಟ್ರಲ್‌ನಲ್ಲಿರಬೇಕು. ಟ್ಯಾಂಕಿನ ಮುಚ್ಚಳದ ಮೇಲಿರುವ ಗಾಳಿಯ ತಿರುಪು ತೆರೆದಿರಬೇಕು. ಅದು ಮುಚ್ಚಿದ್ದರೆ ಇಂಧನ ಹೊರಬಂದಷ್ಟೂ ಟ್ಯಾಂಕಿನೊಳಗೆ ಗಾಳಿಯ ಒತ್ತಡ ಇಳಿದು, ಎಂಜಿನ್ ಐದು ಹತ್ತು ನಿಮಿಷ ಓಡಿ ನಿಲ್ಲುತ್ತದೆ, ಆಮೇಲೆ ಸ್ಟಾರ್ಟ್ ಆಗುವುದಿಲ್ಲ. ಪೈಪಿನ ಕನೆಕ್ಟರ್ ಎಂಜಿನ್ ಕಡೆಯಲ್ಲೂ ಟ್ಯಾಂಕಿನ ಕಡೆಯಲ್ಲೂ 'ಟಕ್' ಎಂದು ಪೂರ್ತಿ ಕೂರಬೇಕು. ಸೀಮೆಎಣ್ಣೆ ಎಂಜಿನ್ ಆದರೆ ಇಂಧನದ ಕೊಳಾಯಿ ಪೆಟ್ರೋಲಿನ ಕಡೆಗೆ ತಿರುಗಿದೆಯೇ ಎಂಬುದನ್ನೂ ಇದೇ ಹೊತ್ತಿಗೆ ಖಚಿತಪಡಿಸಿಕೊಳ್ಳಬೇಕು.

ಇನ್ನು ಪೈಪಿನ ನಡುವಿನ ರಬ್ಬರ್ ಬಲ್ಬ್. ಅದರ ಮೇಲಿನ ಬಾಣದ ಗುರುತು ಎಂಜಿನ್ನಿನ ಕಡೆಗೆ ಇರಬೇಕು, ಹಿಂಡುವಾಗ ಬಾಣ ಮೇಲ್ಮುಖವಾಗಿರುವಂತೆ ಬಲ್ಬನ್ನು ನೆಟ್ಟಗೆ ಹಿಡಿಯಬೇಕು. ನಾಲ್ಕಾರು ಸಲ ಹಿಂಡಿದಾಗ ಅದು ಗಟ್ಟಿಯಾದರೆ ಕಾರ್ಬುರೇಟರಿನವರೆಗೆ ಇಂಧನ ತಲುಪಿದೆ ಎಂದು ಅರ್ಥ. ಎಷ್ಟು ಹಿಂಡಿದರೂ ಮೆತ್ತಗೇ ಇದ್ದರೆ ಟ್ಯಾಂಕಿನ ಕಡೆಯಿಂದ ಗಾಳಿ ಸೇರುತ್ತಿದೆ, ಇಲ್ಲವೇ ಬಲ್ಬಿನೊಳಗಿನ ವಾಲ್ವ್ ಕೆಟ್ಟಿದೆ, ಇಲ್ಲವೇ ಕಾರ್ಬುರೇಟರಿನ ಸೂಜಿ ವಾಲ್ವ್ ಮುಚ್ಚದೆ ಇಂಧನ ಉಕ್ಕಿ ಹೋಗುತ್ತಿದೆ. ಕೊನೆಯ ಕಾರಣವಾದರೆ ಮುಚ್ಚಳ ತೆಗೆದಾಗ ಕಾರ್ಬುರೇಟರಿನ ಕೆಳಗೆ ಪೆಟ್ರೋಲ್ ತೊಟ್ಟಿಕ್ಕುವುದು ಕಣ್ಣಿಗೆ ಬೀಳುತ್ತದೆ. ಹಿಂಡಿದ ಬಲ್ಬ್ ಚಪ್ಪಟೆಯಾಗಿಯೇ ಉಳಿದು ಉಬ್ಬದಿದ್ದರೆ ಟ್ಯಾಂಕಿನ ಕಡೆ ದಾರಿ ಕಟ್ಟಿದೆ: ಗಾಳಿಯ ತಿರುಪು ಮುಚ್ಚಿರಬಹುದು, ಟ್ಯಾಂಕಿನೊಳಗಿನ ಜಾಲರಿಗೆ ಕೊಳೆ ಅಡರಿರಬಹುದು, ಅಥವಾ ಪೈಪನ್ನು ಯಾರೋ ತುಳಿದು ನಿಂತಿರಬಹುದು.

ಇವೆಲ್ಲ ಸರಿಯಿದ್ದ ಮೇಲೆ ತಣ್ಣಗಿರುವ ಎಂಜಿನ್ನಿಗೆ ಚೋಕ್ (ಗಾಳಿಯ ದಾರಿ ಕಿರಿದಾಗಿಸುವ ಗುಬ್ಬಿ) ಎಳೆದು, ವೇಗ ಏರಿಳಿಸುವ ಥ್ರಾಟಲ್ ಹಿಡಿಯನ್ನು ಸ್ಟಾರ್ಟ್ ಗುರುತಿಗೆ ತಿರುಗಿಸಿ, ಹಗ್ಗವನ್ನು ಮೊದಲು ನಿಧಾನವಾಗಿ, ಒಳಗಿನ ಹಲ್ಲು ಕಚ್ಚಿದ್ದು ಕೈಗೆ ತಿಳಿಯುವವರೆಗೆ ಎಳೆದು, ಅಲ್ಲಿಂದ ಒಂದೇ ಬೀಸಿನಲ್ಲಿ ಜೋರಾಗಿ ಎಳೆಯಬೇಕು. ಕಾದ ಎಂಜಿನ್ನಿಗೆ ಚೋಕ್ ಬೇಡ. ಐದಾರು ಎಳೆತಕ್ಕೂ ಒಮ್ಮೆಯೂ ಸದ್ದು ಮಾಡದಿದ್ದರೆ ಅಲ್ಲಿಗೆ ನಿಲ್ಲಿಸಿ. ಮುಂದೆ ಎಳೆದಷ್ಟೂ ಸಿಲಿಂಡರಿನಲ್ಲಿ ಇಂಧನ ತುಂಬುತ್ತಾ ಹೋಗಿ, ಮೊದಲಿದ್ದ ದೋಷದ ಮೇಲೆ ಇನ್ನೊಂದು ದೋಷ ಕೂರುತ್ತದೆ.

ಹಗ್ಗ ಎಳೆಯುವ ಕೈಗೂ ಒಂದಿಷ್ಟು ಗೊತ್ತಾಗುತ್ತದೆ. ಹಗ್ಗ ಬರಲೇ ಇಲ್ಲವೆಂದರೆ ಗೇರು ಬಿದ್ದಿರುವಾಗ ಸ್ಟಾರ್ಟರನ್ನು ತಡೆಯುವ ಕೊಂಡಿ ಅಡ್ಡವಿದೆ, ಇಲ್ಲವೇ ಸಿಲಿಂಡರಿನಲ್ಲಿ ನೀರು ಅಥವಾ ಇಂಧನ ನಿಂತಿದೆ, ಇಲ್ಲವೇ ಪಿಸ್ಟನ್ ಜಾಮ್ ಆಗಿದೆ. ಬಲ ಹಾಕಿ ಎಳೆದರೆ ಕನೆಕ್ಟಿಂಗ್ ರಾಡ್ ಬಾಗೀತು. ಪ್ಲಗ್ ತೆಗೆದ ಮೇಲೆ ಸಲೀಸಾಗಿ ಬಂದರೆ ಒಳಗೆ ದ್ರವ ನಿಂತಿತ್ತೆಂದು ತಿಳಿಯಿರಿ. ಎಂದಿಗಿಂತ ತೀರಾ ಹಗುರವಾಗಿ ಬಂದರೆ ಕಂಪ್ರೆಶನ್ ಇಲ್ಲ. ಹಿಂದಕ್ಕೆ ಜಗ್ಗಿ ಕೈಗೆ ಹೊಡೆದರೆ ಕಿಡಿಯ ಸಮಯ ತಪ್ಪಿದೆ.

ಪ್ಲಗ್ ಬಿಚ್ಚಿ ನೋಡುವುದು

ಎರಡು ಸಿಲಿಂಡರ್ ಇದ್ದರೆ ಎರಡೂ ಪ್ಲಗ್‌ಗಳನ್ನು ತೆಗೆದು, ಯಾವುದು ಮೇಲಿನದು ಯಾವುದು ಕೆಳಗಿನದು ಎಂದು ಗೊಂದಲವಾಗದಂತೆ ಅದೇ ಕ್ರಮದಲ್ಲಿ ಇಡಿ. ಆರೋಗ್ಯವಂತ ಪ್ಲಗ್ಗಿನ ತುದಿಯ ಬಿಳಿ ಪಿಂಗಾಣಿ ಭಾಗ ತೆಳು ಕಾಫಿ ಬಣ್ಣಕ್ಕೆ ತಿರುಗಿ ಒಣಗಿರುತ್ತದೆ. ಆದರೆ ಈಗ ನಮಗೆ ಬೇಕಾದದ್ದು ಬಣ್ಣಕ್ಕಿಂತ ಹೆಚ್ಚಾಗಿ ಪಸೆ. ಐದಾರು ಸಲ ಎಳೆದ ಮೇಲೂ ತುದಿ ಒಣಗಿದ್ದರೆ ಇಂಧನ ಬರುತ್ತಿಲ್ಲ. ಒದ್ದೆಯಾಗಿದ್ದರೆ ಬೆರಳಿಗೆ ಹಚ್ಚಿ ಮೂಸಿ ನೋಡಿ. ಪೆಟ್ರೋಲಾದರೆ ಥಟ್ಟನೆ ಆರಿ ಬೆರಳು ತಂಪಾಗುತ್ತದೆ. ಸೀಮೆಎಣ್ಣೆಯಾದರೆ ಜಿಡ್ಡು ಉಳಿದು ವಾಸನೆ ಹೋಗುವುದಿಲ್ಲ. ನೀರಾದರೆ ತುದಿಯಲ್ಲಿ ಸಣ್ಣ ಹನಿಯಾಗಿ ನಿಂತಿರುತ್ತದೆ. ಪೆಟ್ರೋಲಿನಲ್ಲಿ ಒದ್ದೆಯಾಗಿದ್ದರೆ ಇಂಧನ ಸಾಕಷ್ಟು ಬಂದಿದೆ, ಕಿಡಿಯೇ ಇಲ್ಲ ಅಥವಾ ಇಂಧನ ಅತಿಯಾಗಿದೆ.

ಕಿಡಿಯ ಪರೀಕ್ಷೆಗೆ ಮೊದಲು ಪ್ಲಗ್ ರಂಧ್ರಗಳನ್ನು ಬಟ್ಟೆಯಿಂದ ಮುಚ್ಚಿ, ಸುತ್ತ ಚೆಲ್ಲಿದ ಪೆಟ್ರೋಲ್ ಒರೆಸಿ, ಆವಿ ಚದುರಲು ಕೆಲವು ನಿಮಿಷ ಬಿಡಬೇಕು. ಬಳಿಕ ಪ್ಲಗ್ಗನ್ನು ಅದರ ಕ್ಯಾಪಿಗೆ ಸಿಕ್ಕಿಸಿ, ರಬ್ಬರ್ ಹಿಡಿಯ ಇಕ್ಕಳದಿಂದ ಹಿಡಿದು, ಪ್ಲಗ್ಗಿನ ಲೋಹದ ಮೈ ಎಂಜಿನ್ನಿನ ಬಣ್ಣವಿಲ್ಲದ ಲೋಹಕ್ಕೆ ತಾಗುವಂತೆ, ರಂಧ್ರಗಳಿಂದ ದೂರದಲ್ಲಿ ಒತ್ತಿ ಹಿಡಿದು, ಇನ್ನೊಬ್ಬರಿಂದ ಹಗ್ಗ ಎಳೆಸಬೇಕು. ಬರಿಗೈಯಲ್ಲಿ ಹಿಡಿದರೆ ಬಲವಾದ ಶಾಕ್ ಹೊಡೆಯುತ್ತದೆ. ಲೋಹಕ್ಕೆ ತಾಗಿಸದೆ ಎಳೆದರೆ ಕಿಡಿಗೆ ವಿದ್ಯುತ್ ಒದಗಿಸುವ ಸಿಡಿಐ ಘಟಕಕ್ಕೇ ಹಾನಿಯಾಗಬಹುದು. ನೀಲಿ ಬಣ್ಣದ, ಚಟಚಟ ಸದ್ದಿನ ಕಿಡಿ ಒಳ್ಳೆಯದು. ಹಳದಿ ಬಣ್ಣದ ತೆಳು ಕಿಡಿ ಹೊರಗೆ ಕಂಡರೂ ಸಿಲಿಂಡರಿನ ಒತ್ತಡದಲ್ಲಿ ಸತ್ತುಹೋಗುತ್ತದೆ. ಬಿಸಿಲಿನಲ್ಲಿ ಕಿಡಿ ಕಾಣುವುದಿಲ್ಲವಾದ್ದರಿಂದ ಬಟ್ಟೆಯಿಂದ ನೆರಳು ಮಾಡಿಕೊಳ್ಳಿ.

ಕಿಡಿ ಇಲ್ಲದಿದ್ದರೆ ಮೊದಲು ಹೊಸ ಪ್ಲಗ್ ಹಾಕಿ ಇದೇ ಪರೀಕ್ಷೆ ಮಾಡಿ. ಮಸಿ ಹಿಡಿದ ಪ್ಲಗ್ಗನ್ನು ಎಮರಿ ಕಾಗದದಲ್ಲಿ ಉಜ್ಜಿ ಮತ್ತೆ ಹಾಕುವ ಅಭ್ಯಾಸವನ್ನು ನಾನು ಒಪ್ಪುವುದಿಲ್ಲ. ಕಾಗದದ ಹರಳಿನ ಪುಡಿ ಪಿಂಗಾಣಿಯ ಸುತ್ತಲಿನ ಸಂದಿಯಲ್ಲಿ ಉಳಿದು ಸಿಲಿಂಡರಿಗೆ ಬೀಳುತ್ತದೆ, ಅಲ್ಲದೆ ಉಜ್ಜಿದ ಪಿಂಗಾಣಿಯ ಮೇಲೆ ಮಸಿ ಇನ್ನೂ ಬೇಗ ಅಂಟುತ್ತದೆ. ಅಂದಿನ ದಿನ ದಡ ಸೇರಲು ಬೇರೆ ದಾರಿಯಿಲ್ಲದಿದ್ದರೆ ಪೆಟ್ರೋಲಿನಲ್ಲಿ ತೊಳೆದು ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕಿದರೆ ಸಾಕು. ಹೊಸದನ್ನು ಕೊಳ್ಳುವಾಗ ಸಂಖ್ಯೆಯನ್ನು ಪೂರ್ತಿ ನೋಡಿ: ಎನ್‌ಜಿಕೆ ಪ್ಲಗ್‌ಗಳಲ್ಲಿ ಕೊನೆಯ '-10' ಎಂಬುದು 1.0 ಮಿಲಿಮೀಟರ್ ಅಂತರವನ್ನು ಸೂಚಿಸುತ್ತದೆ. ಆ ಅಂಕಿಯಿಲ್ಲದ ಅದೇ ಹೆಸರಿನ ಪ್ಲಗ್ಗಿನ ಅಂತರ ಬೇರೆಯಾಗಿರುತ್ತದೆ.

ಇಂಧನ ಅತಿಯಾಗಿದ್ದರೆ

ಪ್ಲಗ್ ತೊಯ್ದು ಕಿಡಿ ಚೆನ್ನಾಗಿದ್ದರೆ ಎಂಜಿನ್ ಫ್ಲಡ್ ಆಗಿದೆ. ಸ್ಟಾಪ್ ಸ್ವಿಚ್ಚಿನ ಕ್ಲಿಪ್ ತೆಗೆದು ಕಿಡಿಯನ್ನು ನಿಲ್ಲಿಸಿ, ಇಂಧನದ ಪೈಪ್ ಕಳಚಿ, ಚೋಕ್ ಒಳಗೆ ತಳ್ಳಿ, ಥ್ರಾಟಲ್ ಪೂರ್ತಿ ತೆರೆದು, ಪ್ಲಗ್ ಇಲ್ಲದೆಯೇ ಹತ್ತು ಹನ್ನೆರಡು ಸಲ ಹಗ್ಗ ಎಳೆಯಿರಿ. ರಂಧ್ರದಿಂದ ಇಂಧನ ಚಿಮ್ಮುವುದರಿಂದ ಮುಖ ದೂರವಿರಲಿ, ಬೀಡಿ ಸಿಗರೇಟು ಹತ್ತಿರ ಸುಳಿಯದಿರಲಿ. ಆಮೇಲೆ ಒಣ ಪ್ಲಗ್ ಹಾಕಿ, ಕ್ಲಿಪ್ ಸಿಕ್ಕಿಸಿ, ಚೋಕ್ ಇಲ್ಲದೆ, ಥ್ರಾಟಲ್ ತುಸು ತೆರೆದು ಸ್ಟಾರ್ಟ್ ಮಾಡಿ.

ಸೀಮೆಎಣ್ಣೆ ಎಂಜಿನ್ನಿನ ಕಥೆಯೇ ಬೇರೆ

ನಮ್ಮ ಕರಾವಳಿಯಲ್ಲಿ ಬೆಳಿಗ್ಗೆ ಸ್ಟಾರ್ಟ್ ಆಗದ ಎಂಜಿನ್‌ಗಳ ಕಾರಣ ಎಷ್ಟೋ ಸಲ ಹಿಂದಿನ ಸಂಜೆ ಅದನ್ನು ನಿಲ್ಲಿಸಿದ ಬಗೆಯಲ್ಲಿರುತ್ತದೆ. ಪೆಟ್ರೋಲ್ ಎಂಥ ಚಳಿಯಲ್ಲೂ ಆವಿಯಾಗಿ ಕಿಡಿಗೆ ಹತ್ತಿಕೊಳ್ಳುತ್ತದೆ. ಸೀಮೆಎಣ್ಣೆಯಾದರೋ ಸುಮಾರು 35 ಡಿಗ್ರಿ ಸೆಲ್ಸಿಯಸ್‌ಗಿಂತ ಮೇಲೆ ಕಾಯದೆ ಹೊತ್ತಿಕೊಳ್ಳುವಷ್ಟು ಆವಿ ಕೊಡುವುದಿಲ್ಲ. ತಣ್ಣನೆಯ ಸಿಲಿಂಡರಿಗೆ ಹೋದ ಸೀಮೆಎಣ್ಣೆ ಹನಿಯಾಗಿಯೇ ಉಳಿದು ಪ್ಲಗ್ಗಿನ ತುದಿಯನ್ನು ತೋಯಿಸುತ್ತದೆ, ಕಿಡಿ ಅಂತರ ಜಿಗಿಯುವ ಬದಲು ಮಸಿ ಹಿಡಿದ ಪಿಂಗಾಣಿಯ ಮೇಲೆ ಹರಿದು ಹೋಗುತ್ತದೆ.

ಹೀಗಾಗಿ ಬೆರಳಿಗೆ ಸೀಮೆಎಣ್ಣೆಯ ಜಿಡ್ಡು ಹತ್ತಿದರೆ ಹಗ್ಗ ಎಳೆಯುವುದರಿಂದ ಪ್ರಯೋಜನವಿಲ್ಲ. ಕಾರ್ಬುರೇಟರಿನ ಬಟ್ಟಲಿನ ಕೆಳಗಿರುವ ಡ್ರೇನ್ ಸ್ಕ್ರೂವನ್ನು ಸಡಿಲಿಸಿ, ಒಳಗಿರುವುದನ್ನು ಡಬ್ಬಿಯಲ್ಲಿ ಹಿಡಿದು ಪೂರ್ತಿ ಬಸಿಯಿರಿ. ಅದನ್ನು ಕಡಲಿಗೆ ಸುರಿಯಬೇಡಿ. ಸ್ಕ್ರೂ ಬಿಗಿದು, ಕೊಳಾಯಿಯನ್ನು ಪೆಟ್ರೋಲಿಗೆ ತಿರುಗಿಸಿ, ಬಟ್ಟಲು ಮತ್ತೆ ತುಂಬಿಸಿ, ಇನ್ನೊಮ್ಮೆ ಸ್ವಲ್ಪ ಬಸಿದು ನೋಡಿ. ಈಗ ಬರುವುದು ಪೆಟ್ರೋಲೇ ಎಂದು ಮೂಗಿಗೆ ಖಚಿತವಾಗಬೇಕು. ಸಿಲಿಂಡರನ್ನು ಮೇಲೆ ಹೇಳಿದಂತೆ ಪ್ಲಗ್ ಇಲ್ಲದೆ ಎಳೆದು ಒಣಗಿಸಿ, ಹೊಸ ಪ್ಲಗ್ ಹಾಕಿ ಸ್ಟಾರ್ಟ್ ಮಾಡಿ. ಬಸಿದ ಮೇಲೂ ಸೀಮೆಎಣ್ಣೆಯೇ ಬರುತ್ತಿದ್ದರೆ ಕೊಳಾಯಿಯ ಒಳಗಿನ ವಾಷರ್ ಸವೆದು ಎರಡೂ ಇಂಧನಗಳು ಬೆರೆಯುತ್ತಿವೆ; ವಾಷರ್ ಬದಲಾಯಿಸದೆ ಈ ತೊಂದರೆ ನಿಲ್ಲುವುದಿಲ್ಲ.

ಸ್ಟಾರ್ಟ್ ಆದೊಡನೆ ಪೆಟ್ರೋಲ್ ಉಳಿಸುವ ಆಸೆಗೆ ಸೀಮೆಎಣ್ಣೆಗೆ ತಿರುಗಿಸುವುದು ಇನ್ನೊಂದು ತೊಂದರೆ. ಎಂಜಿನ್ ಚೆನ್ನಾಗಿ ಕಾದು, ವೇಗ ಏರಿಸಿದಾಗ ತಡವರಿಸದೆ ಏರುವವರೆಗೆ ಪೆಟ್ರೋಲಿನಲ್ಲಿಯೇ ಓಡಬೇಕು. ಬಲೆ ಬಿಡುತ್ತಾ ತುಂಬ ಹೊತ್ತು ನಿಧಾನವಾಗಿ ಓಡಿಸಬೇಕಾದಾಗಲೂ ಸಿಲಿಂಡರ್ ತಣಿದು ಮಸಿ ಹಿಡಿಯುತ್ತದೆ. ಅಂಥ ಕಡೆ ಪೆಟ್ರೋಲಿಗೆ ಮರಳುವುದೇ ಲೇಸು.

ಇಂಧನ ಬಾರದಿದ್ದರೆ

ಪ್ಲಗ್ ಒಣಗಿದ್ದು ಕಿಡಿ ಸರಿಯಿದ್ದರೆ, ದೃಢಪಡಿಸಿಕೊಳ್ಳಲು ಪ್ಲಗ್ ರಂಧ್ರದ ಮೂಲಕ ಅರ್ಧ ಚಮಚದಷ್ಟು ಎಣ್ಣೆ ಬೆರೆಸಿದ ಪೆಟ್ರೋಲ್ ಹಾಕಿ, ಪ್ಲಗ್ ಬಿಗಿದು ಎಳೆಯಿರಿ. ಎರಡು ಮೂರು ಸೆಕೆಂಡ್ ಓಡಿ ನಿಂತರೆ ಕಿಡಿಯೂ ಕಂಪ್ರೆಶನ್ನೂ ಸರಿಯಿವೆ, ಇಂಧನದ ದಾರಿ ಕಟ್ಟಿದೆ ಎಂದು ಸಂಶಯವಿಲ್ಲದೆ ಹೇಳಬಹುದು. ಈಥರ್ ಸ್ಪ್ರೇ ಬಳಸಬೇಡಿ. ಅದು ಟೂ-ಸ್ಟ್ರೋಕ್ ಎಂಜಿನ್ನಿನ ಗೋಡೆಯ ಮೇಲಿನ ಎಣ್ಣೆಯ ಪದರವನ್ನು ತೊಳೆದುಹಾಕುತ್ತದೆ.

ದಾರಿಯನ್ನು ಟ್ಯಾಂಕಿನಿಂದ ಎಂಜಿನ್ನಿನ ಕಡೆಗೆ ಒಂದೊಂದೇ ಹೆಜ್ಜೆಯಾಗಿ ಪರೀಕ್ಷಿಸಬೇಕು. ಫಿಲ್ಟರಿಗೆ ಬರುವ ಪೈಪ್ ಕಳಚಿ ಬಲ್ಬ್ ಹಿಂಡಿ. ಅಲ್ಲಿ ಬಂದರೆ ಫಿಲ್ಟರಿನ ಆಚೆ ಕಳಚಿ ಹಿಂಡಿ. ಆಮೇಲೆ ಇಂಧನ ಪಂಪಿನ ಆಚೆ. ಎಲ್ಲಿ ಧಾರೆ ಕುಗ್ಗುತ್ತದೋ ಅದರ ಹಿಂದಿನ ಭಾಗದಲ್ಲಿ ದೋಷವಿದೆ. ಬಲ್ಬ್ ಹಿಂಡುತ್ತಲೇ ಇದ್ದರೆ ಓಡಿ, ಬಿಟ್ಟರೆ ನಿಲ್ಲುವ ಎಂಜಿನ್ನಿನಲ್ಲಿ ಪಂಪಿನೊಳಗಿನ ತೆಳು ಪೊರೆ (ಡಯಾಫ್ರಮ್) ಹರಿದಿರುವ ಸಾಧ್ಯತೆ ಹೆಚ್ಚು. ಅಂಥ ಹೊತ್ತಿನಲ್ಲಿ ಒಬ್ಬರು ಬಲ್ಬ್ ಹಿಂಡುತ್ತಾ ದಡ ಸೇರಬಹುದು.

ಇಂಧನ ಬರುತ್ತಿದ್ದರೂ ಅದು ಶುದ್ಧವೇ ಎಂದು ನೋಡಬೇಕು. ಕಾರ್ಬುರೇಟರಿನಿಂದ ಬಸಿದದ್ದನ್ನು ಗಾಜಿನ ಬಾಟಲಿಯಲ್ಲಿ ಸ್ವಲ್ಪ ಹೊತ್ತು ಅಲುಗಿಸದೆ ಇಟ್ಟರೆ ನೀರು ತಳದಲ್ಲಿ ಬೇರೆಯಾಗಿ ನಿಲ್ಲುತ್ತದೆ. ಈಗ ಬಂಕಿನಲ್ಲಿ ಸಿಗುವ ಪೆಟ್ರೋಲಿನಲ್ಲಿ ಶೇಕಡಾ 20ರಷ್ಟು ಎಥನಾಲ್ ಇರುವುದರಿಂದ ಈ ತೊಂದರೆಗೆ ಹೊಸ ರೂಪ ಬಂದಿದೆ. ಎಥನಾಲ್ ನೀರನ್ನು ತನ್ನೊಳಗೆ ಎಳೆದುಕೊಳ್ಳುತ್ತದೆ. ಒಂದು ಮಿತಿ ಮೀರಿದಾಗ ನೀರೂ ಎಥನಾಲೂ ಒಟ್ಟಾಗಿ ಪೆಟ್ರೋಲಿನಿಂದ ಬೇರ್ಪಟ್ಟು ಟ್ಯಾಂಕಿನ ತಳಕ್ಕೆ ಇಳಿಯುತ್ತವೆ. ಪೈಪಿನ ಬಾಯಿ ಇರುವುದೂ ಅದೇ ತಳದಲ್ಲಿ. ಟೂ-ಸ್ಟ್ರೋಕ್ ಎಣ್ಣೆ ಮೇಲಿನ ಪೆಟ್ರೋಲಿನಲ್ಲೇ ಉಳಿಯುವುದರಿಂದ ತಳದ ದ್ರವ ಎಂಜಿನ್ನಿಗೆ ಹೋದರೆ ಸ್ಟಾರ್ಟ್ ಆಗದಿರುವುದಷ್ಟೇ ಅಲ್ಲ, ಒಳಭಾಗಗಳಿಗೆ ಎಣ್ಣೆಯೂ ಸಿಗುವುದಿಲ್ಲ. ಉಪ್ಪುಗಾಳಿ, ಮಳೆ, ಅರ್ಧ ಖಾಲಿ ಟ್ಯಾಂಕು ಇರುವಲ್ಲಿ ತಿಂಗಳುಗಟ್ಟಲೆ ಇಟ್ಟ ಪೆಟ್ರೋಲನ್ನು ನಂಬಬಾರದು. ಹಾಗೆ ಬೇರ್ಪಟ್ಟ ಇಂಧನವನ್ನು ಕಲಕಿ ಬಳಸುವ ಬದಲು ಪೂರ್ತಿ ಖಾಲಿ ಮಾಡಿ ಹೊಸದನ್ನು ತುಂಬಬೇಕು. ಎಣ್ಣೆ ಬೆರೆಸುವಾಗ 50ಕ್ಕೆ 1 ಎಂದು ಪುಸ್ತಿಕೆ ಹೇಳಿದ್ದರೆ ಲೀಟರಿಗೆ 20 ಮಿಲಿಲೀಟರ್. ಸೀಮೆಎಣ್ಣೆಗೆ ಪ್ರಮಾಣ ಬೇರೆಯಿರಬಹುದಾದ್ದರಿಂದ ಪುಸ್ತಿಕೆಯನ್ನೇ ನೋಡಿ. ಅಂದಾಜಿನಲ್ಲಿ ಹೆಚ್ಚು ಸುರಿದರೆ ಪ್ಲಗ್ ಮಸಿಯಾಗುತ್ತದೆ, ಕಡಿಮೆಯಾದರೆ ಪಿಸ್ಟನ್ ಜಾಮ್ ಆಗುತ್ತದೆ.

ಇಷ್ಟರ ನಂತರವೂ ಪ್ಲಗ್ ಒಣಗಿಯೇ ಇದ್ದರೆ ಕಾರ್ಬುರೇಟರಿಗೆ ಕೈ ಹಾಕುವ ಹೊತ್ತು ಬಂದಿದೆ. ಇದನ್ನು ದಡದಲ್ಲಿ, ಬಿಳಿ ಬಟ್ಟೆ ಹಾಸಿಕೊಂಡು ಮಾಡಿ. ಬಟ್ಟಲು ತೆಗೆದಾಗ ತಳದಲ್ಲಿ ಕಂದು ಅಂಟು ಕಂಡರೆ ಇಂಧನ ಹಾಯುವ ಸಣ್ಣ ತೂತಿನ ಜೆಟ್‌ಗಳೂ ಕಟ್ಟಿರುತ್ತವೆ. ಮುಖ್ಯ ಜೆಟ್ ದೊಡ್ಡದು. ಎಂಜಿನ್ ಸ್ಟಾರ್ಟ್ ಆಗಲು ಹೆಚ್ಚು ಬೇಕಾಗುವ ಪೈಲಟ್ ಜೆಟ್ಟಿನ ರಂಧ್ರ ಕೂದಲೆಳೆಯಷ್ಟು ಸಣ್ಣದು. ಅದನ್ನು ತಿರುಚಿ ತೆಗೆದು ಬೆಳಕಿಗೆ ಹಿಡಿದಾಗ ಆಚೆ ದುಂಡನೆಯ, ಅಂಚು ಸ್ವಚ್ಛವಾದ ಬೆಳಕಿನ ಚುಕ್ಕೆ ಕಾಣಬೇಕು. ಕಾಣದಿದ್ದರೆ ಕಾರ್ಬುರೇಟರ್ ಕ್ಲೀನರಿನಲ್ಲಿ ನೆನೆಸಿ, ವಯರಿನೊಳಗಿನ ಒಂದೇ ಒಂದು ತಾಮ್ರದ ಎಳೆಯಿಂದ ಮೆಲ್ಲಗೆ ಚುಚ್ಚಿ, ಗಾಳಿ ಊದಿ. ಉಕ್ಕಿನ ಪಿನ್ನು ಬಳಸಿದರೆ ರಂಧ್ರ ಅಗಲವಾಗಿ ಮುಂದೆಂದೂ ಎಂಜಿನ್ ನಿಧಾನಗತಿಯಲ್ಲಿ ಸರಿಯಾಗಿ ಓಡುವುದಿಲ್ಲ. ನಿಧಾನಗತಿಯ ಮಿಶ್ರಣವನ್ನು ಹೊಂದಿಸುವ ಪೈಲಟ್ ಸ್ಕ್ರೂ ತೆಗೆಯುವ ಮೊದಲು ಅದು ಪೂರ್ತಿ ಮುಚ್ಚಲು ಎಷ್ಟು ಸುತ್ತು ತಿರುಗುತ್ತದೆ ಎಂದು ಎಣಿಸಿ ಬರೆದಿಟ್ಟುಕೊಳ್ಳಿ.

ಕಿಡಿ ಬಾರದಿದ್ದರೆ

ಹೊಸ ಪ್ಲಗ್ಗಿಗೂ ಕಿಡಿ ಬಾರದಿದ್ದರೆ ಮೊದಲ ಸಂಶಯ ಸ್ಟಾಪ್ ಸ್ವಿಚ್ಚಿನ ಮೇಲಿರಲಿ. ಈ ಎಂಜಿನ್‌ಗಳಲ್ಲಿ ಸ್ಟಾಪ್ ವಯರು ಎಂಜಿನ್ನಿನ ಮೈಗೆ ತಾಗಿದಾಗ ಕಿಡಿ ನಿಲ್ಲುವಂಥ ವ್ಯವಸ್ಥೆಯಿರುತ್ತದೆ. ಸ್ವಿಚ್ಚಿನೊಳಗೆ ಉಪ್ಪುನೀರು ಸೇರಿ ತುಕ್ಕು ಹಿಡಿದರೆ ಅದು ಸದಾ ತಾಗಿಯೇ ಇರುತ್ತದೆ. ಸಿಡಿಐ ಘಟಕದಿಂದ ಸ್ವಿಚ್ಚಿಗೆ ಹೋಗುವ ವಯರಿನ ಕನೆಕ್ಟರ್ ಕಳಚಿ ಪರೀಕ್ಷಿಸಿದಾಗ ಕಿಡಿ ಬಂದರೆ ಸ್ವಿಚ್ಚೇ ಕಾರಣ. ಹಾಗೆ ಕಳಚಿ ಓಡಿಸಿದ ಎಂಜಿನ್ನನ್ನು ಸ್ವಿಚ್ಚಿನಿಂದ ನಿಲ್ಲಿಸಲಾಗುವುದಿಲ್ಲ, ಚೋಕ್ ಎಳೆದು ಅಥವಾ ಪೈಪ್ ಕಳಚಿ ನಿಲ್ಲಿಸಬೇಕು. ಯಾರಾದರೂ ನೀರಿಗೆ ಬಿದ್ದರೆ ಎಂಜಿನ್ ತಾನಾಗಿ ನಿಲ್ಲುವುದಿಲ್ಲ. ಆದ್ದರಿಂದ ಇದು ದಡ ಮುಟ್ಟುವವರೆಗಿನ ಉಪಾಯ ಮಾತ್ರ.

ಸ್ವಿಚ್ ಸರಿಯಿದ್ದರೆ ಪ್ಲಗ್ ಕ್ಯಾಪ್ ತೆಗೆದು ಒಳಗಿನ ಹಸಿರು ಕಿಲುಬನ್ನೂ, ಕಾಯಿಲ್ ಮತ್ತು ಸಿಡಿಐನ ಅರ್ತ್ ವಯರು ಎಂಜಿನ್ನಿಗೆ ಸೇರುವ ಬೋಲ್ಟನ್ನೂ ನೋಡಿ. ಆ ಬೋಲ್ಟ್ ಬಿಚ್ಚಿ ತುಕ್ಕು ಕೆರೆದು ಬಿಗಿದಾಗ ಕಿಡಿ ಮರಳುವುದುಂಟು. ಅದಕ್ಕೂ ಜಗ್ಗದಿದ್ದರೆ ಮಲ್ಟಿಮೀಟರ್ ಮತ್ತು ಎಂಜಿನ್ನಿನ ಸರ್ವಿಸ್ ಪುಸ್ತಿಕೆಯ ಓಮ್ ಅಳತೆಗಳಿಲ್ಲದೆ ಮುಂದುವರಿಯಲಾಗದು, ಮೆಕ್ಯಾನಿಕ್ ಬಳಿಗೆ ಒಯ್ಯಬೇಕು. ಕಿಡಿ, ಇಂಧನ ಎರಡೂ ಇದ್ದು ಎಂಜಿನ್ ಹಿಂದಕ್ಕೆ ಒದೆಯುತ್ತಿದ್ದರೆ ಎಂಜಿನ್ನಿನ ಮೇಲ್ತುದಿಯಲ್ಲಿ ತಿರುಗುವ ಚಕ್ರವಾದ ಫ್ಲೈವೀಲಿನ ಕೆಳಗಿನ ಕೀಲಿ ತುಂಡಾಗಿ ಕಿಡಿಯ ಸಮಯ ತಪ್ಪಿರಬಹುದು. ಫ್ಲೈವೀಲ್ ತೆಗೆಯಲು ಪುಲ್ಲರ್ ಬೇಕು, ಸುತ್ತಿಗೆಯಲ್ಲಿ ಹೊಡೆಯಬಾರದು. ಕಂಪ್ರೆಶನ್ ಗೇಜ್ ಇದ್ದರೆ ಎರಡೂ ಸಿಲಿಂಡರಿನ ಅಳತೆ ತೆಗೆದುಕೊಳ್ಳಿ. ಎರಡರ ನಡುವೆ ಶೇಕಡಾ 10ರಿಂದ 15ಕ್ಕಿಂತ ಹೆಚ್ಚು ವ್ಯತ್ಯಾಸವಿದ್ದರೆ ರಿಂಗ್ ಅಥವಾ ಗ್ಯಾಸ್ಕೆಟ್ ಕೆಟ್ಟಿದೆ. ಸೆಲ್ಫ್ ಸ್ಟಾರ್ಟ್ ಇರುವ ದೊಡ್ಡ ಎಂಜಿನ್ನಿನಲ್ಲಿ 'ಟಿಕ್' ಎಂದು ಮಾತ್ರ ಸದ್ದಾದರೆ ಬ್ಯಾಟರಿ ಟರ್ಮಿನಲ್ ಉಜ್ಜಿ, ಫ್ಯೂಸ್ ನೋಡಿ. ಪೂರ್ತಿ ಚಾರ್ಜ್ ಆದ 12 ವೋಲ್ಟ್ ಬ್ಯಾಟರಿ ಸುಮಾರು 12.6 ವೋಲ್ಟ್ ತೋರಿಸಬೇಕು.

ದೋಣಿ ಮಗುಚಿ ಎಂಜಿನ್ ಮುಳುಗಿದ್ದರೆ

ಇಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದು ಸಮಯ. ನೀರಿನಿಂದ ಎತ್ತಿದ ಎಂಜಿನ್ನಿನ ಒಳಗೆ ಗಾಳಿ ಸೇರಿದ ಕೂಡಲೇ ಉಪ್ಪು ತನ್ನ ಕೆಲಸ ಶುರುಮಾಡುತ್ತದೆ. ನಾಳೆ ನೋಡೋಣವೆಂದು ಬಿಟ್ಟರೆ ಬೇರಿಂಗ್‌ಗಳು ತುಕ್ಕು ಹಿಡಿಯುತ್ತವೆ. ಮುಚ್ಚಳ ತೆಗೆದು ಇಡೀ ಎಂಜಿನ್ನನ್ನು ಸಿಹಿನೀರಿನಲ್ಲಿ ತೊಳೆಯಿರಿ. ಪ್ಲಗ್ ತೆಗೆದು, ರಂಧ್ರಗಳು ಕೆಳಮುಖವಾಗುವಂತೆ ಎಂಜಿನ್ ಮಲಗಿಸಿ, ಹಗ್ಗವನ್ನು ನಿಧಾನವಾಗಿ ಎಳೆದು ನೀರು ಹೊರಹಾಕಿ. ಒಳಗೆ ಮರಳು ಕರಕರ ಎನ್ನುತ್ತಿದ್ದರೆ ಅಥವಾ ಓಡುತ್ತಿರುವಾಗಲೇ ಮುಳುಗಿದ್ದು ಈಗ ಬಿಗಿಯಾಗಿದ್ದರೆ ಎಳೆಯುವುದನ್ನು ನಿಲ್ಲಿಸಿ, ಪೂರ್ತಿ ಬಿಚ್ಚಿಸಲೇಬೇಕು. ಸಲೀಸಾಗಿ ತಿರುಗಿದರೆ ಕಾರ್ಬುರೇಟರ್ ಬಸಿದು, ಸಿಲಿಂಡರಿಗೂ ಕಾರ್ಬುರೇಟರ್ ಬಾಯಿಗೂ ಟೂ-ಸ್ಟ್ರೋಕ್ ಎಣ್ಣೆ ಹಾಕಿ ಕೆಲವು ಸಲ ತಿರುಗಿಸಿ, ಹೊಸ ಇಂಧನ, ಹೊಸ ಪ್ಲಗ್ ಹಾಕಿ ಅಂದೇ ಸ್ಟಾರ್ಟ್ ಮಾಡಿ ಅರ್ಧ ಗಂಟೆಯಾದರೂ ಓಡಿಸಬೇಕು. ಅಂದು ಸಾಧ್ಯವೇ ಇಲ್ಲವೆಂದರೆ ಗಾಳಿಗೆ ಒಣಗಲು ಬಿಡುವುದಕ್ಕಿಂತ ಸಿಹಿನೀರಿನ ಡ್ರಮ್ಮಿನಲ್ಲಿ ಮುಳುಗಿಸಿಟ್ಟು ಮೆಕ್ಯಾನಿಕ್ಕನ್ನು ಕರೆಸುವುದು ಮೇಲು.

ಸ್ಟಾರ್ಟ್ ಆದ ಮೇಲೆ, ಮತ್ತು ನಿಲ್ಲಿಸುವಾಗ

ಎಂಜಿನ್ ಓಡತೊಡಗಿದ ಕೂಡಲೇ ಹಿಂಬದಿಯ ಸಣ್ಣ ತೂತಿನಿಂದ ತಂಪು ಮಾಡುವ ನೀರು ಚಿಮ್ಮುತ್ತಿದೆಯೇ ನೋಡಿ. ಅರ್ಧ ನಿಮಿಷದಲ್ಲಿ ಬಾರದಿದ್ದರೆ ನಿಲ್ಲಿಸಿ. ತೂತಿಗೆ ಉಪ್ಪು ಕಟ್ಟಿರಬಹುದು, ಇಲ್ಲವೇ ನೀರಿನ ಪಂಪಿನೊಳಗಿನ ರೆಕ್ಕೆಚಕ್ರ (ಇಂಪೆಲ್ಲರ್) ಹರಿದಿರಬಹುದು. ದಡದಲ್ಲಿ ನೀರಿಲ್ಲದೆ ಎಂಜಿನ್ ಓಡಿಸಿ ಪರೀಕ್ಷಿಸಿದರೆ ಆ ರಬ್ಬರ್ ಇಂಪೆಲ್ಲರ್ ಅಲ್ಪ ಹೊತ್ತಿನಲ್ಲೇ ಸುಟ್ಟುಹೋಗುತ್ತದೆ. ಅದಕ್ಕಾಗಿಯೇ ಡ್ರಮ್ಮಿನಲ್ಲಿ ನೀರು ತುಂಬಿಸಿ ಓಡಿಸಬೇಕು.

ಸಂಜೆ ದಡಕ್ಕೆ ಬರುವ ಮೊದಲು, ಇನ್ನೂ ಕಡಲಿನಲ್ಲಿರುವಾಗಲೇ, ಕೊಳಾಯಿಯನ್ನು ಪೆಟ್ರೋಲಿಗೆ ತಿರುಗಿಸಿ ಕಾರ್ಬುರೇಟರಿನಲ್ಲಿ ಸೀಮೆಎಣ್ಣೆ ಉಳಿಯದಷ್ಟು ಹೊತ್ತು ಓಡಿಸಿ ಆಮೇಲೆ ನಿಲ್ಲಿಸಿ. ಎಂಜಿನ್ ಹಲವು ದಿನ ನಿಲ್ಲಲಿದ್ದರೆ ಪೈಪ್ ಕಳಚಿ, ಬಟ್ಟಲಿನ ಇಂಧನ ಮುಗಿದು ತಾನಾಗಿ ನಿಲ್ಲುವವರೆಗೆ ಬಿಟ್ಟು, ಡ್ರೇನ್ ಸ್ಕ್ರೂನಿಂದ ಉಳಿದದ್ದನ್ನೂ ಬಸಿಯಿರಿ. ದೋಣಿಯಲ್ಲಿ ನೀರು ಸೇರದ ಡಬ್ಬಿಯೊಂದರಲ್ಲಿ ಹೊಸ ಪ್ಲಗ್ ಒಂದು ಜೊತೆ, ಪ್ಲಗ್ ಸ್ಪ್ಯಾನರ್, ಇಕ್ಕಳ, ಸ್ಕ್ರೂಡ್ರೈವರ್, ಸ್ಟಾಪ್ ಸ್ವಿಚ್ಚಿನ ಇನ್ನೊಂದು ಕ್ಲಿಪ್, ಕನೆಕ್ಟರಿನ ರಬ್ಬರ್ ಉಂಗುರ, ಫ್ಲೈವೀಲಿಗೆ ಸುತ್ತಿ ಎಳೆಯಲು ಗಂಟು ಹಾಕಿದ ಗಟ್ಟಿ ಹಗ್ಗ ಇರಲಿ. ಸ್ಟಾರ್ಟರಿನ ಸ್ಪ್ರಿಂಗ್ ತುಂಡಾದಾಗ ಅದನ್ನು ಬಿಚ್ಚಿ ಈ ಹಗ್ಗದಿಂದಲೇ ಸ್ಟಾರ್ಟ್ ಮಾಡಬಹುದು. ಆಗ ಗೇರಿನ ತಡೆ ಕೆಲಸ ಮಾಡುವುದಿಲ್ಲವಾದ್ದರಿಂದ ನ್ಯೂಟ್ರಲ್‌ನಲ್ಲಿದೆಯೇ ಎಂದು ಕೈಯಿಂದ ಪರೀಕ್ಷಿಸಿಯೇ ಎಳೆಯಬೇಕು, ಹಗ್ಗದ ತುದಿಯನ್ನು ಕೈಗೆ ಸುತ್ತಿಕೊಳ್ಳಬಾರದು, ತಿರುಗುವ ಫ್ಲೈವೀಲ್ ಬಳಿ ಸಡಿಲ ಬಟ್ಟೆಯಾಗಲಿ ಬಲೆಯ ತುದಿಯಾಗಲಿ ಸುಳಿಯಬಾರದು.